ಅಕ್ಕನ ಮುನ್ನೂರು ಸಾಲುಗಳು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಕಂಪ್ಯೂಟರ್ ಮತ್ತೆ ಹ್ಯಾಂಗ್. ಮೂವತ್ತೆಂಟನೇ ಸಾಲಿನಲ್ಲಿ. ಮೌಸ್ ಅಲ್ಲಾಡಲಿಲ್ಲ. ತೆರೆಯ ಮೇಲಿನ ಗಡಿಯಾರ 10:42ಕ್ಕೆ ನಿಂತಿತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ — ಬೇರೆ ದಾರಿಯಿಲ್ಲ. ಐವತ್ತು ಸಾಲು ಓದಿ ಮುಗಿದ ಮೇಲೇ ರೆಕಾರ್ಡಿಂಗ್ ಸೇವ್ ಆಗುವ ಪ್ರೋಗ್ರಾಂ ಅದು. ಅಕ್ಕ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಕ್ಕ ಮೈಕ್ ಕೆಳಗಿಟ್ಟಳು. "ಪ್ರಯಾಣಿಕರ ಗಮನಕ್ಕೆ... ಗಾಡಿ ಇನ್ನೂ ತಡ." ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಅನೌನ್ಸ್ ಮಾಡಿದವಳು. ಈಗ 'ಪ್ರಯಾಣಿಕರ' ಅನ್ನುವುದು 'ಪಯಾಣಿಕಲ' ಎಂದು ಬರುತ್ತದೆ. ನಕ್ಕೆ. ಅವಳೂ ನಕ್ಕಳು.

ಮಾರ್ಚ್ 5, ಬುಧವಾರ

ಆಸ್ಪತ್ರೆ. ಸ್ಪೀಚ್ ಡಾಕ್ಟರಮ್ಮ ಹಿಂದೆ ಹೇಳಿದ್ದನ್ನೇ ಹೇಳಿದರು. ನಾಲಿಗೆಯ ನರಗಳು ಸೋಲುತ್ತಿವೆ. ಬೇಸಿಗೆ ಮುಗಿಯುವುದರೊಳಗೆ ಮಾತು ಪೂರ್ತಿ ಹೋಗಬಹುದು. ಅದಕ್ಕೆ ಮೊದಲು ಮುನ್ನೂರು ಸಾಲು ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವಳದೇ ದನಿಯಲ್ಲಿ ಹೇಳುತ್ತದೆ. ಫೋನಿನಲ್ಲಿ ಆ ಪ್ರೋಗ್ರಾಂ ನಡೆಯುವುದಿಲ್ಲ.

"ಎಷ್ಟಾಯ್ತು?"

"ನೂರು," ಎಂದೆ.

"ಬೇಗ ಮುಗಿಸಿ. ಈಗಿರೋ ದನಿ ಮುಂದಿನ ತಿಂಗಳು ಇರಲ್ಲ."

ಬರುವಾಗ ಕೇಳಿದೆ, "ಪಕ್ಕದ್ಮನೆ ಮೇಷ್ಟ್ರ ಹತ್ರ ಒಳ್ಳೇ ಕಂಪ್ಯೂಟರ್ ಇದೆ. ಕೇಳ್ಲಾ ಅಕ್ಕ?"

"ಊರೆಲ್ಲ ಕೇಳಿದ ದನಿ ಕಣೋ ಇದು. ಇನ್ನೊಬ್ರ ಮನೇಲಿ ಕೂತು ತೊದಲಲ್ಲ ನಾನು. ನೀನೇ ಸರಿ ಮಾಡು. ಮೆಕ್ಯಾನಿಕ್ ಅಲ್ವಾ?"

ಹೌದು. ಮಿಕ್ಸಿ, ಫ್ಯಾನು, ನೀರಿನ ಮೋಟಾರು.

ಮಾರ್ಚ್ 9, ಭಾನುವಾರ

ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಒಳಗೆ ಧೂಳು, ಸತ್ತ ಜಿರಲೆ ಒಂದು. ಇವನೇ ಕಳ್ಳ ಅಂದುಕೊಂಡೆ. ರ್‍ಯಾಮ್ ಮೆಮೊರಿ ಪಟ್ಟಿಗಳು ಎರಡು — ರಬ್ಬರಿನಿಂದ ಉಜ್ಜಿ ವಾಪಸ್ ಹಾಕಿದೆ. ಫ್ಯಾನಿಗೆ ಎಣ್ಣೆ. ಒಂದು ಗಂಟೆ ಚೆನ್ನಾಗಿ ಓಡಿತು. ಅಕ್ಕ ಕೂತಳು. ನಲವತ್ತಾರನೇ ಸಾಲಿಗೆ ನಿಂತಿತು.

ಮಾರ್ಚ್ 10

ಅಂಗಡಿ ತೆಗೆಯಲಿಲ್ಲ. ನೂರು ಸಾಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟು ವಿಂಡೋಸ್ ಹೊಸದಾಗಿ ಹಾಕಿದೆ. ಸಂಜೆ ಸುಮ್ಮನೆ ಆನ್ ಇತ್ತು, ಯಾರೂ ಮುಟ್ಟಿರಲಿಲ್ಲ. ನೋಡುತ್ತಿದ್ದ ಹಾಗೇ ನಿಂತುಹೋಯಿತು. ಕಾರಣವಾದರೂ ಬೇಡವೇ?

ಮಾರ್ಚ್ 22, ಶನಿವಾರ

ಬರೆಯಲು ಮನಸ್ಸಿರಲಿಲ್ಲ. ಪವರ್ ಸಪ್ಲೈ ಬದಲಾಯಿಸಿದ್ದೆ. ವೈರ್ ಬದಲಾಯಿಸಿದ್ದೆ. ಗೋಡೆಯ ಪ್ಲಗ್ ಕೂಡ.

ಇವತ್ತು ನಲವತ್ತೊಂಬತ್ತನೇ ಸಾಲಿಗೆ ನಿಂತಿತು. ಒಂದೇ ಒಂದು ಸಾಲು ಉಳಿದಿತ್ತು...

ಡಬ್ಬಕ್ಕೆ ಬಾರಿಸಿದೆ. ಅಂಗೈ ಚುರ್ ಎಂದಿತು. ಅಕ್ಕ ಏನೋ ಹೇಳಿದಳು. ಅರ್ಥವಾಗಲಿಲ್ಲ. "ಏನಕ್ಕ?" ಮತ್ತೆ ಹೇಳಿದಳು. "ಏನು?" ಮೂರನೇ ಸಲ ಕೇಳಿದಾಗ ಪೆನ್ನು ತೆಗೆದುಕೊಂಡು ಪೇಪರಿನ ಅಂಚಿನಲ್ಲಿ ಬರೆದಳು: ಹೊಡೀಬೇಡ.

ಅವಳ ಮಾತು ನನಗೆ ತಿಳಿಯದೆ ಹೋದದ್ದು ಇದೇ ಮೊದಲು.

ಮಾರ್ಚ್ 31

ಜಂಬ ಬಿಟ್ಟು ಕಂಪ್ಯೂಟರ್ ಅಂಗಡಿಗೆ ಹೊತ್ತೊಯ್ದಿದ್ದೆ. ಅಂಗಡಿಯಾಕೆ ಮೂರು ದಿನ ಇಟ್ಟುಕೊಂಡರು. "ಒಂದ್ಸಲನೂ ನಿಂತಿಲ್ಲ ಅಣ್ಣಾ. ನಿಮ್ಮನೇಲೇ ಏನೋ ಇರ್ಬೇಕು." ತಂದು ಇಟ್ಟೆ. ಹತ್ತೇ ನಿಮಿಷ, ಮತ್ತೆ ನಿಂತಿತು. ಹಲ್ಲುನೋವಿನವನು ಡಾಕ್ಟರ ಬಾಗಿಲಲ್ಲಿ ನೋವು ಹೋಯಿತು ಅಂದ ಹಾಗೆ.

ಏಪ್ರಿಲ್ 5, ಶನಿವಾರ. ಮಧ್ಯಾಹ್ನ

ಅಂಗಡಿಯಾಕೆ ಮನೆಗೇ ಬಂದರು. ಒಂದು ರ್‍ಯಾಮ್ ಪಟ್ಟಿ ತೆಗೆದು ನೋಡಿದರು. ಅದನ್ನು ಹಾಕಿ ಇನ್ನೊಂದನ್ನು ತೆಗೆದು ನೋಡಿದರು. ಮೂರು ಗಂಟೆ.

"ಎರಡರಲ್ಲಿ ಇದೊಂದು ಹಾಳು. ಕಾದ್ರೆ ಕೈಕೊಡುತ್ತೆ, ನಮ್ಮಂಗಡಿ ಎ.ಸಿ.ಲಿ ಸುಮ್ನಿತ್ತು. ಒಂದೊಂದೇ ಹಾಕಿ ನೋಡಿದ್ರೆ ಮೊದಲನೇ ದಿನವೇ ಗೊತ್ತಾಗ್ತಿತ್ತು."

ಮಾರ್ಚ್ ಒಂಬತ್ತರಂದು ಇದೇ ಕೈಯಲ್ಲಿ ಅದನ್ನು ಹಿಡಿದಿದ್ದೆ. ಉಜ್ಜಿ, ಹೊಳಪು ಬರಿಸಿ, ವಾಪಸ್ ಸಿಕ್ಕಿಸಿದ್ದೆ. ಅಕ್ಕನಿಗೆ ಹೇಳಿದೆ. ಬೈಯಲಿ ಎಂದು ಕಾದೆ. ತಟ್ಟೆಗೆ ಊಟ ಬಡಿಸಿದಳು.

ಏಪ್ರಿಲ್ 6

ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಅಕ್ಕ ಓದಿದಳು. ತೆರೆಯ ಮೇಲೆ ಬಂತು: 'ಸ್ಪಷ್ಟವಾಗಿಲ್ಲ. ಮತ್ತೆ ಓದಿ.' ಮತ್ತೆ ಓದಿದಳು. 'ಸ್ಪಷ್ಟವಾಗಿಲ್ಲ. ಮತ್ತೆ ಓದಿ.' ಒಂದೇ ಸಾಲು, ಹನ್ನೊಂದು ಸಲ. ಕತ್ತಿನ ನರ ಉಬ್ಬಿತ್ತು. ಹನ್ನೆರಡನೆಯದಕ್ಕೆ ನಾನೇ ಮೈಕಿನ ವೈರ್ ಕಿತ್ತೆ.

ಅಕ್ಕನ ನಾಲಿಗೆಗೆ ಬಿಚ್ಚಿ ನೋಡಲು ಸ್ಕ್ರೂಗಳಿಲ್ಲ.

ಏಪ್ರಿಲ್ 28, ಸೋಮವಾರ. ಸಂಜೆ 5

ಡಾಕ್ಟರಮ್ಮ ಇದ್ದ ನೂರು ಸಾಲಿನಲ್ಲೇ ದನಿ ಮಾಡಿಸಿ ಕಳಿಸಿದ್ದಾರೆ. "ಅವರ ಹಾಗೇ ಇರುತ್ತೆ ಅಂತ ಭರವಸೆ ಕೊಡಲಾರೆ" ಎಂದು ಫೋನಿನಲ್ಲೇ ಹೇಳಿದ್ದರು. ಅಕ್ಕ ಈಗ ಪೂರ್ತಿ ಮೌನ.

ಸ್ಪೀಕರ್ ಹಚ್ಚಿದೆ. ಅಕ್ಕ ಒಂದೇ ಬೆರಳಿನಲ್ಲಿ ತನ್ನ ಹೆಸರು ಟೈಪ್ ಮಾಡಿದಳು. ಕಂಪ್ಯೂಟರ್ ಹೇಳಿತು. ಮೊದಲರ್ಧ ಅಕ್ಕನೇ — ನಿಲ್ದಾಣದ ಅದೇ ಗಂಟೆಯಂಥ ದನಿ. ಕೊನೆಗೆ ಬರುವಾಗ ಯಾವಳೋ ಬೇರೆ ಹೆಂಗಸು.

ಅಕ್ಕ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಇನ್ನೊಮ್ಮೆ ಒತ್ತಿ ಕೇಳಿದಳು. ಆಮೇಲೆ ನಿಧಾನವಾಗಿ ಟೈಪ್ ಮಾಡಿದಳು. ಕಂಪ್ಯೂಟರ್ ನನ್ನನ್ನು ಕೇಳಿತು:

"ಇದ್ಯಾರೋ?"

ನನ್ನ ಮುಖವನ್ನೇ ನೋಡುತ್ತಿದ್ದಳು. 'ನೀನೇ ಅಕ್ಕ' ಅನ್ನಬೇಕಿತ್ತು. ಅಷ್ಟೇ, ಎರಡು ಮಾತು. ಬಾಯಿ ತೆರೆದೆ. ನಾನು ಅಂದದ್ದು, "ಅರ್ಧ ನೀನೇ ಅಕ್ಕ."