ಸುಮಾಳ ಕಾಯಿಲೆ, ನಾನಾಡಿದ ಮಾತು

ಪ್ರೀತಿಯ ಅತ್ತೆಮ್ಮನವರಿಗೆ,

ನೀವಿದ್ದಾಗ ಎದುರು ಕೂತು ನಾಲ್ಕು ಮಾತಾಡದ ಸೊಸೆ ಈಗ ಕಾಗದ ಹಿಡಿದು ಕೂತಿದ್ದಾಳೆ ಅಂತ ನಗಬೇಡಿ. ನಿಮಗೆ ಓದಲು ಬರುತ್ತಿರಲಿಲ್ಲ. ಹೊನ್ನಾಳಿಯ ನನ್ನ ತವರಿನಿಂದ ಬಂದ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ, ಬೇಕೆಂದೇ ಅರ್ಧ ನುಂಗುತ್ತಿದ್ದೆ. ಇದರಲ್ಲಿ ಏನನ್ನೂ ನುಂಗುವುದಿಲ್ಲ.

ಎಮರ್ಜೆನ್ಸಿ ಮುಗಿದ ವರ್ಷದ ಬೇಸಿಗೆ ನೆನಪಿದೆಯಾ? ನಮ್ಮ ಸುಮಾಳಿಗೆ ಆರು ತುಂಬಿತ್ತು. ಇಡೀ ಚನ್ನಗಿರಿಯೇ ಸೆಕೆಗೆ ಒದ್ದಾಡುತ್ತಿದ್ದಾಗ ಮಗು ಚೊಂಬುಗಟ್ಟಲೆ ನೀರು ಕುಡಿದರೆ ಯಾರು ಗಮನಿಸುತ್ತಾರೆ? ನೀವು ಗಮನಿಸಿದಿರಿ. ಬಚ್ಚಲ ಮೂಲೆ ತೋರಿಸಿ, "ನೋಡವ್ವ, ಮಗಿ ಉಚ್ಚೆ ಹೊಯ್ದ ಕಡೀಗೇ ಇರುವೆ ಮುತ್ಕೊಂಡಾವೆ. ಏನೋ ಆಗೈತೆ" ಅಂದಿರಿ. "ನಿಮಗೆ ಎಲ್ಲದರಲ್ಲೂ ಏನೋ ಕಾಣುತ್ತೆ" ಎಂದು ನಾನು ಅದರ ಮೇಲೆ ಎರಡು ಬಿಂದಿಗೆ ನೀರು ಸುರಿದೆ. ಅಷ್ಟರಲ್ಲಾಗಲೇ ಅವಳ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬೇಸಿಗೆಗೆ ಸೊರಗಿದ್ದಾಳೆ ಅಂದುಕೊಂಡೆ. ಮುಂದಿನ ವಾರ ವಾಂತಿ ಮಾಡಿ, ಏದುಸಿರು ಬಿಡುತ್ತಾ, ಕರೆದರೆ ಕಣ್ಣು ತೆರೆಯದೆ ಬಿದ್ದಳಲ್ಲ, ಆಗ...

ದಾವಣಗೆರೆ ಆಸ್ಪತ್ರೆಯಲ್ಲಿ ಮೂರನೇ ದಿನ ಅವಳು ಕಣ್ಣು ಬಿಟ್ಟಳು. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, "ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಬೇಕು, ಬದುಕಿರೋ ತನಕ" ಅಂದರು. "ಅದು ವಯಸ್ಸಾದೋರ ಕಾಯಿಲೆ ಅಲ್ವೇನ್ ಸಾರ್?" ಎಂದು ನಿಮ್ಮ ಮಗ ಎರಡೆರಡು ಸಲ ಕೇಳಿದರು. ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ. ಬದುಕಿರೋ ತನಕ ಅಂದರೆ ಎಷ್ಟು ದಿನ? ಕೇಳುವ ಧೈರ್ಯ ಬರಲಿಲ್ಲ. ಯಾರನ್ನಾದರೂ ಹಿಡಿದು ಬಯ್ಯದಿದ್ದರೆ ಬಿದ್ದೇ ಹೋಗುತ್ತೇನೆ ಅನ್ನಿಸಿತು. ನೀವು ಮಗುವಿನ ಮಂಚದ ಹತ್ತಿರ ಕೂತಿದ್ದಿರಿ. "ಬಾ ಬಂಗಾರ ಅಂತ ಕರೆದು ಕರೆದು ಬೆಲ್ಲ ತಿನ್ನಿಸಿದಿರಲ್ಲ, ಈಗ ಸಮಾಧಾನ ಆಯ್ತಾ? ನಿಮ್ಮ ಕೈಯಿಂದಲೇ ಬಂದಿದ್ದು ಇದು" ಅಂದೆ. ನೀವು ನಿಮ್ಮ ಕೈಯನ್ನೇ ನೋಡಿಕೊಂಡಿರಿ.

ಮನೆಗೆ ಬಂದ ದಿನವೇ ನಾನು ಸಕ್ಕರೆ ಡಬ್ಬಿ, ಬೆಲ್ಲದ ಅಚ್ಚು ಎಲ್ಲವನ್ನೂ ಪಕ್ಕದ ಮನೆಯ ಫಾತಿಮಾಬಿಗೆ ಕೊಟ್ಟುಬಿಟ್ಟೆ. ಬಂದವರಿಗೆ ಕಾಫಿ ಇಲ್ಲ, ಉಪ್ಪು ಹಾಕಿದ ಮಜ್ಜಿಗೆ. ಇವರು ಅಂಗಡಿಯಿಂದ ಬರುವಾಗ ಯಾರೋ ಕೊಟ್ಟ ಪೆಪ್ಪರಮಿಂಟು ಜೇಬಲ್ಲಿ ಉಳಿದಿದ್ದಕ್ಕೆ ಎರಡು ದಿನ ಮಾತು ಬಿಟ್ಟೆ. ಔಷಧಿಯ ಬಾಟಲಿ ತಂಪಾಗಿರಬೇಕು, ಫ್ರಿಜ್ಜು ನಮ್ಮ ಬೀದಿಯಲ್ಲೇ ಇರಲಿಲ್ಲ. ಗಡಿಗೆಯಲ್ಲಿ ಮರಳು ತುಂಬಿ, ನಡುವೆ ಬಾಟಲಿ ಹೂತು, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುತ್ತಿದ್ದವರು ನೀವು. ನಾನು ಗಾಜಿನ ಸಿರಿಂಜು ಕುದಿಸಿ ತಂದರೆ ಸುಮಾ ಕಪಾಟಿನ ಹಿಂದೆ ಅಡಗುತ್ತಿದ್ದಳು. ನೀವು ಎಳೆದು ತಂದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಿರಿ, ಚುಚ್ಚುವಾಗ ಮಾತ್ರ ನಿಮ್ಮ ಮುಖ ಗೋಡೆಗೆ.

ಆ ಶ್ರಾವಣ ಸೋಮವಾರ ನೆನೆದರೆ ಈಗಲೂ ಬೆವರುತ್ತೇನೆ. ನಮ್ಮಲ್ಲಿ ಜಂಗಮ ಅಯ್ಯನವರು ಮನೆಗೆ ಬಂದು ಪೂಜೆ ಮುಗಿಸಿ ಉಣ್ಣುವ ತನಕ ಮನೆಯವರು ಯಾರೂ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಅವರು ಕತ್ತಲಗೆರೆ ಕಡೆಯಿಂದ ಮೊದಲ ಬಸ್ಸಿಗೆ ಬರುವವರು. ಎಂಟಕ್ಕೆ ಸರಿಯಾಗಿ ಸೂಜಿ ಚುಚ್ಚಿದೆ. ಇನ್ನೇನು ಬಂದೇ ಬರುತ್ತಾರೆ ಎಂಬ ನಂಬಿಕೆ. ಒಂಬತ್ತಾಯಿತು. "ಅಯ್ಯಾರು ಬರಾಕೆ ಹೊತ್ತಾಕೈತೆ. ಮಗೀಗೆ ಒಂದ್ ರೊಟ್ಟಿ ಕೊಡಾನೇನು?" ಅಂದಿರಿ ನೀವು, ನಲವತ್ತು ವರ್ಷ ಆ ನೇಮ ತಪ್ಪಿಸದಿದ್ದ ನೀವು. ನಾನು ಬೇಡವೆಂದೆ. ಆಗ ನನಗೆ ಎಲ್ಲದಕ್ಕೂ ಹೆದರಿಕೆ, ದೇವರು ಮುನಿದರೆ ಮಗುವನ್ನು ಇನ್ನೇನು ಮಾಡಿಬಿಡುತ್ತಾನೋ ಅಂತ. ಹತ್ತರ ಹೊತ್ತಿಗೆ ಸುಮಾ ಬೆವರಿನಲ್ಲಿ ತೊಯ್ದು, ತುಟಿ ನಡುಗಿಸುತ್ತಾ ನನ್ನ ಮೇಲೆ ಒರಗಿದಳು. ಕಣ್ಣುಗುಡ್ಡೆ ಮೇಲೆ ಹೋಯಿತು. ನಾನು ಕಿರುಚಿದೆ. ನೀವು ಓಡಿದಿರಿ. ಮಂಡಿ ನೋವೆಂದು ಹೊಸಿಲು ದಾಟಲು ಗೋಡೆ ಹಿಡಿಯುತ್ತಿದ್ದವರು ಫಾತಿಮಾಬಿಯ ಮನೆಗೆ ಓಡಿ, ಮುಷ್ಟಿ ತುಂಬಾ ಸಕ್ಕರೆ ತಂದಿರಿ.

ನಾನು ನಿಮ್ಮ ಕೈಗೆ ಹೊಡೆದೆ. "ಕೊಲ್ಲಬೇಕು ಅಂತ ಇದೀರಾ?" ಅಂದೆ. ಸಕ್ಕರೆ ನೆಲಕ್ಕೆ ಚೆಲ್ಲಿತು. "ಆಚೆ ಸರಿ! ಸೂಜಿ ಹಾಕಿ ಉಣ್ಣಲಿಲ್ಲಂದ್ರೆ ಹಿಂಗೇ ಆಕೈತೆ, ಆಗ ಸಕ್ರಿ ತಿನ್ನಸ್ರಿ ಅಂತ ಆಸ್ಪತ್ರಿ ನರ್ಸವ್ವ ಹೇಳ್ಯಾಳೆ. ನೀನು ಅಳಾಕೆ ಹತ್ತಿದ್ದೆ, ನಾನು ಕೇಳಿಸ್ಕಂಡೀನಿ" ಎಂದು ನನ್ನನ್ನು ತಳ್ಳಿದಿರಿ. ಒದ್ದೆ ಬೆರಳಿಗೆ ನೆಲದ ಸಕ್ಕರೆ ಅಂಟಿಸಿಕೊಂಡು ಅವಳ ಒಸಡಿಗೆ ಉಜ್ಜಿದಿರಿ. ಮತ್ತೆ, ಮತ್ತೆ. ಎಷ್ಟು ಹೊತ್ತು? ನನಗೆ ಒಂದು ವರ್ಷ ಅನ್ನಿಸಿತು. ಕೊನೆಗೆ ಅವಳು ನಿಮ್ಮ ಬೆರಳನ್ನು ಚೀಪಿದಳು.

ಅಯ್ಯನವರು ಬಂದಾಗ ಒಂದು ಗಂಟೆ. ದಾರಿಯಲ್ಲಿ ಬಸ್ಸು ಕೆಟ್ಟಿತ್ತಂತೆ. ನೀವು ಬಾಗಿಲಲ್ಲೇ, "ಅಯ್ಯಾರೆ, ಇವತ್ತು ನಿಮಗಿಂತ ಮೊದ್ಲು ಮಗಿ ಉಂಡೈತೆ. ಇನ್ನು ಮುಂದೂ ಉಣ್ತೈತೆ" ಅಂದಿರಿ. ಅವರು ಕಾಲು ತೊಳೆದು ಬಂದು ಕೂತರು, ಎರಡು ಸಲ ಸಾರು ಹಾಕಿಸಿಕೊಂಡರು. ಅವತ್ತು ನಾನು ನಿಮ್ಮ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ, ನಿಮ್ಮೆದುರು ಸೋಲಲು ಮನಸ್ಸಿರಲಿಲ್ಲ.

ಎರಡು ವರ್ಷದ ಮೇಲೆ ನೀವು ಹಾಸಿಗೆ ಹಿಡಿದಿರಿ. ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದು, "ನನ್ ಕೈಯಿಂದ್ಲೇ ಬಂತೇನವ್ವ ಅದು? ನಿಜ ಹೇಳು" ಅಂದಿರಿ. ನನಗೇನು ಗೊತ್ತಿತ್ತು ಅತ್ತೆಮ್ಮಾ? ಗೊತ್ತಿಲ್ಲದಿದ್ದರೂ ಅಲ್ಲ ಅನ್ನಬಹುದಿತ್ತು. "ಈಗ ಅದೆಲ್ಲ ಯಾಕೆ, ಕುಡಿಯಿರಿ" ಅಂದೆ. ನೀವು ಕುಡಿದಿರಿ.

ಸುಮಾಳಿಗೆ ಈಗ ಹದಿನಾರು. ತನ್ನ ಸೂಜಿ ತಾನೇ ಹಾಕಿಕೊಳ್ಳುತ್ತಾಳೆ. ನಾನು ಈಗಲೂ ಬೆಳಗ್ಗೆ ಎದ್ದ ಕೂಡಲೇ ಅವಳ ಪಾದ ಮುಟ್ಟಿ ನೋಡುತ್ತೇನೆ. ಬಿಸಿ ಇದ್ದರೆ ಮಾತ್ರ ಒಲೆ ಹಚ್ಚುತ್ತೇನೆ. ಹೋದ ಗುರುವಾರ ದಾವಣಗೆರೆಗೆ ತೋರಿಸಲು ಹೋಗಿದ್ದೆವು. ಅವಳೇ ಕೇಳಿದಳು: "ಡಾಕ್ಟ್ರೇ, ಚಿಕ್ಕವಳಿದ್ದಾಗ ನಾನು ಬೆಲ್ಲ ಜಾಸ್ತಿ ತಿಂದಿದ್ದಕ್ಕೆ ಇದು ಬಂತಾ?" ಡಾಕ್ಟರು ತಲೆಯೆತ್ತಿ, "ಯಾರಮ್ಮ ಹಾಗಂದಿದ್ದು? ಮಕ್ಕಳಿಗೆ ಬರೋ ಈ ಕಾಯಿಲೆ ಸಿಹಿ ತಿಂದರೆ ಬರಲ್ಲ. ಯಾರೂ ತಂದಿದ್ದಲ್ಲ ಇದು" ಅಂದರು. ಅವತ್ತು ಆಸ್ಪತ್ರೆಯ ಮಂಚದ ಮೇಲೆ ಆರು ವರ್ಷದ ಮಗು, ಮಲಗಿದೆ ಅಂದುಕೊಂಡಿದ್ದೆ. ಎಲ್ಲವನ್ನೂ ಕೇಳಿಸಿಕೊಂಡಿತ್ತು.

ವಾಪಸು ಬರುವಾಗ ಬಸ್ಸು ತ್ಯಾವಣಿಗೆ ದಾಟಿತು. ಆಮೇಲೆ, "ಅಜ್ಜಿಗೆ ಇದು ಗೊತ್ತಿತ್ತೇನವ್ವ?" ಅಂದಳು. ಇಲ್ಲ ಅಂದೆ. "ಹಂಗಾದ್ರೆ ಹೇಳು" ಅಂದಳು. ಸತ್ತವರಿಗೆ ಹೆಂಗೆ ಹೇಳಲೇ ಅಂದರೆ ಕಿಟಕಿ ಕಡೆ ತಿರುಗಿ ಕೂತಳು, ಮನೆ ಬರುವ ತನಕ ನನ್ನ ಮುಖ ನೋಡಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಮೊದಲು ಅವಳ ಕೈಗೆ ಕೊಡುತ್ತೇನೆ, ಗಟ್ಟಿಯಾಗಿ ಓದಲಿ. ಅತ್ತೆಮ್ಮಾ, ನಿಮ್ಮ ಕೈಯಿಂದ ಬಂದದ್ದಲ್ಲ ಅದು. ನಿಮ್ಮ ಕೈಯಿಂದ ತಿರುಗಿ ಬಂದದ್ದು ಅವಳು.

ನಿಮ್ಮ ಸೊಸೆ,
ಗಿರಿಜಾ