ಕಸ್ತೂರಿಯಿಂದ ಕಸ್ತೂರಿಗೆ

ಅತ್ತೀ,

ನೀವು ಹೋದ ಮೇಲೆ ರೊಟ್ಟಿ ಕೆಲಸ ನಿಂತಿಲ್ಲ. ಇದನ್ನು ಮೊದಲು ಹೇಳದಿದ್ದರೆ ನೀವು ಮುಂದಿನ ಮಾತಿಗೆ ಕಿವಿಗೊಡುವವರಲ್ಲ. ಸಿಂದಗಿಯ ಅದೇ ಶೆಡ್ಡು, ಅದೇ ಒಲೆಗಳು. ನಾನು, ಜೊತೆಗೆ ಓಣಿಯ ಮೂವರು ಹೆಂಗಸರು. ಕಡಕ್ ರೊಟ್ಟಿ ಈಗಲೂ ನೀವು ಹೇಳಿದಷ್ಟೇ ತೆಳ್ಳಗೆ ತಟ್ಟುತ್ತೇವೆ. ಆದರೆ ಈ ವರ್ಷ ಶೆಡ್ಡಿನ ಮಾಲೀಕರು ಬಂದು ಹೊಸ ಮಾತು ತೆಗೆದರು. "ಜಾಗ ಮಾರಾಕತ್ತೀನವ್ವ. ಗ್ಯಾರೇಜಿನವ್ರು ಕೇಳ್ಯಾರ. ನೀವು ಭಾಳ ವರ್ಷದಿಂದ ಇದ್ದೀರಿ, ಮೊದಲ ನಿಮಗ ಹೇಳಾಕತ್ತೇನಿ. ಒಂದ್ ತಿಂಗಳು ತಡೀತೇನಿ" ಎಂದರು. ಶೆಡ್ಡು ಹೋದರೆ ಒಲೆ ಎಲ್ಲಿಡುವುದು? ನಮ್ಮ ಮನೆಯ ಹಿತ್ತಿಲು ಎಷ್ಟು ದೊಡ್ಡದೆಂದು ನಿಮಗೆ ಗೊತ್ತೇ ಇದೆಯಲ್ಲ.

ಅದೇ ಹೊತ್ತಿಗೆ ನನ್ನ ತವರೂರು ಇಂಡಿಯಿಂದ ನಮ್ಮ ಅಣ್ಣನ ಫೋನು ಬಂದಿತ್ತು. ಅಪ್ಪನ ನಿಂಬೆ ತೋಟ ಮಾರಿದ್ದರಲ್ಲ, ಅದರಲ್ಲಿ ನನ್ನ ಪಾಲನ್ನು ನಾನು ಕಾಲೇಜಿಗೆ ಹೋಗುವಾಗ ತೆರೆದಿದ್ದ ಹಳೆಯ ಖಾತೆಗೇ ಹಾಕಿದ್ದ. ದುಡ್ಡು ಇಂಡಿಯ ಬ್ಯಾಂಕಿನಲ್ಲಿ, ಕೊಳ್ಳಬೇಕಾದ ಶೆಡ್ಡು ಸಿಂದಗಿಯಲ್ಲಿ. ಸಿಂದಗಿಯಲ್ಲಿ ನನ್ನ ಖಾತೆ ಇರುವುದು ಬೇರೆ ಬ್ಯಾಂಕಿನಲ್ಲಿ. ನಿಮ್ಮ ಮಗ ನಕ್ಕುಬಿಟ್ಟರು. "ಅದಕ್ಯಾಕ ಚಿಂತಿ? ಎರಡೂ ಅಕೌಂಟ್ ನಿನ್ನವ. ಈ ಕಿಸೇದಾಗಿಂದು ಆ ಕಿಸೇದಾಗ ಹಾಕಿದಂಗ" ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಸಿಂದಗಿಯ ಖಾತೆ ತೆರೆದ ದಿನ ನೆನಪಿದೆಯೇ? ಕೈಯಲ್ಲಿ ಹಿಟ್ಟು ಮೆತ್ತಿದ್ದಂತೆಯೇ ನನ್ನನ್ನು ಎಬ್ಬಿಸಿಕೊಂಡು ಹೋಗಿದ್ದಿರಿ. ಬ್ಯಾಂಕಿನವರು ಮನೆಯ ಯಜಮಾನರ ಹೆಸರಿನಲ್ಲಿ ಮಾಡೋಣವೇ ಎಂದು ಕೇಳಿದ್ದೇ ತಡ, ನೀವು ಎದ್ದು ನಿಂತಿರಿ. "ಯಜಮಾನ ರೊಟ್ಟಿ ತಟ್ಟತಾನೇನ್ರಿ? ತಟ್ಟಾಕಿ ಕಸ್ತೂರಿ. ರೊಕ್ಕ ಕಸ್ತೂರಿ ಹೆಸರಿಗೇ ಬೀಳಬೇಕು" ಎಂದಿರಿ. ಪಾಸ್‌ಬುಕ್ಕು ಕೈಗೆ ಬಂದ ಮೇಲೂ ಬಿಡಲಿಲ್ಲ. ನಿಮಗೆ ಓದಲು ಬರುತ್ತಿರಲಿಲ್ಲ. "ಎಲ್ಲಿ, ಹೆಸರ ಒಮ್ಮೆ ಓದಿ ಹೇಳ್ರಿ" ಎಂದು ಆ ಗುಮಾಸ್ತರಿಂದ ಓದಿಸಿದಿರಿ. ಅವರು ಓದಿದರು. ಇನ್ನೊಮ್ಮೆ ಓದಿಸಿದಿರಿ. ಮುದುಕಿಗೆ ಕಿವಿ ಮಂದವಿರಬೇಕು ಎಂದುಕೊಂಡರೋ ಏನೋ, ಎರಡನೆಯ ಸಲ ಜೋರಾಗಿ ಓದಿದರು.

ಈಗ ಇಂಡಿಗೆ ಹೋದ ದಿನದ ಕಥೆ ಕೇಳಿ. ಕೌಂಟರಿನಲ್ಲಿದ್ದ ಅಧಿಕಾರಿ ನಮ್ಮ ಕಡೆಯ ಹೆಣ್ಣುಮಗಳೇ. ಹಳೆಯ ಖಾತೆ ತೆಗೆದು ನೋಡಿ, ನನ್ನ ಆಧಾರ್ ಕಾರ್ಡು ನೋಡಿ, ಮತ್ತೆ ನನ್ನ ಮುಖ ನೋಡಿದಳು.

"ಈ ರೇಣುಕಾ ಯಾರ್ರಿ?"

"ನಾನರಿ."

"ಮತ್ತ ಆಧಾರದಾಗ ಕಸ್ತೂರಿ ಅಂತೈತಲ್ರಿ?"

"ಅಕಿನೂ ನಾನರಿ."

ಅವಳಿಗೆ ನಗು ಬಂತು, ಆದರೂ ಕೆಲಸ ಆಗಲಿಲ್ಲ. ಬಹಳ ವರ್ಷ ಮುಟ್ಟದೆ ಬಿಟ್ಟ ಖಾತೆಯಂತೆ, ನಿಂತುಹೋಗಿದೆಯಂತೆ. "ಇದರಾಗ ಹಾಕಾಕ ಬರ್ತೈತ್ರಿ, ತೆಗಿಯಾಕ ಬರೂದಿಲ್ಲ" ಎಂದಳು. ಮತ್ತೆ ಚಾಲೂ ಮಾಡಬೇಕಾದರೆ ಖಾತೆಯ ಹೆಸರು ಮತ್ತು ಆಧಾರಿನ ಹೆಸರು ಒಂದೇ ಇರಬೇಕು. "ಮದುವಿ ಸರ್ಟಿಫಿಕೇಟ್ ತಂದ್ರ ಇಲ್ಲಿ ಕಸ್ತೂರಿ ಅಂತ ಬದಲ್ ಮಾಡ್ತೀವಿ. ಇಲ್ಲಂದ್ರ ಆಧಾರದಾಗ ರೇಣುಕಾ ಅಂತ ಮಾಡಿಸ್ಕೊಂಡು ಬರ್ರಿ. ನನಗೇನು ಅನುಮಾನಿಲ್ಲರಿ. ಆದ್ರ ಯಾರರ ಒಬ್ಬಾಕಿ ಆಗ್ರಿ."

ಯಾರಾದರೂ ಒಬ್ಬಳು! ಸಿಂದಗಿಯ ಬಸ್ಸಿನಲ್ಲಿ ಕುಳಿತವಳಿಗೆ ಅದೇ ಮಾತು ಕಿವಿಯಲ್ಲಿ. ನಿಮಗೆ ಹೇಳಲು ನನಗೇನು ಅಂಜಿಕೆ, ಅತ್ತೀ. ಬಸ್ಸು ಊರು ಮುಟ್ಟುವ ಮೊದಲೇ ನಾನು ತೀರ್ಮಾನ ಮಾಡಿದ್ದೆ. ರೇಣುಕಾ ಆಗುವುದು. ಈಗಲಾದರೂ ಒಬ್ಬರು ಕೇಳಿದರಲ್ಲ, ನೀನು ಯಾರು ಅಂತ.

ಏಕೆಂದರೆ ನಮ್ಮ ಮದುವೆಯ ದಿನ ಯಾರೂ ಕೇಳಿರಲಿಲ್ಲ. ಅಗಲವಾದ ಪರಾತದಲ್ಲಿ ಅಕ್ಕಿ ಹರಡಿ, ಉಂಗುರ ಕೊಟ್ಟು, ಅಕ್ಕಿಯಲ್ಲಿ ನನ್ನ ಹೊಸ ಹೆಸರು ಬರೆಯಲು ನಿಮ್ಮ ಮಗನನ್ನು ಕೂರಿಸಿದ್ದರು. "ಏನ್ ಹೆಸರ ಗಂಗಾಬಾಯಿ?" ಎಂದು ಯಾರೋ ಕೇಳಿದರು. ನೀವು ಒಂದು ಕ್ಷಣವೂ ತಡೆಯದೆ "ಕಸ್ತೂರಿ" ಎಂದಿರಿ. ಸುತ್ತಲಿದ್ದ ಹೆಂಗಸರೆಲ್ಲ ಹೊಗಳಿದ್ದೇ ಹೊಗಳಿದ್ದು. ತೀರಿಹೋದ ನಿಮ್ಮ ಅತ್ತೆಯ ಹೆಸರು ಕಸ್ತೂರಿ. ಗಂಗಾಬಾಯಿಗೆ ಅತ್ತೆಯ ಮೇಲೆ ಎಷ್ಟು ಭಕ್ತಿ, ಹೆಸರು ಉಳಿಸಿದಳು ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಹತ್ತೊಂಬತ್ತು ವರ್ಷ ನಾನು ತಿರುಗಿ ನೋಡುತ್ತಿದ್ದ ಹೆಸರು ಆ ಅಕ್ಕಿಯ ಪರಾತದಲ್ಲಿ… ಇರಲಿ. ಆಮೇಲೆ ನೀವು ನನ್ನನ್ನು ಕರೆದದ್ದೇನು ಕಡಿಮೆಯೇ? ಬೇರೆ ಅತ್ತೆಯರು "ಏ ಹುಡುಗಿ" ಅನ್ನುತ್ತಿದ್ದರು. ನೀವು ನೀರಿಗೂ ಕಸ್ತೂರಿ, ಉಪ್ಪಿಗೂ ಕಸ್ತೂರಿ. ಓಣಿಯ ಕೊನೆಯವರೆಗೆ ಕೇಳುವ ಹಾಗೆ ಕೂಗುತ್ತಿದ್ದಿರಿ. ಇಷ್ಟು ವರ್ಷಗಳಾದರೂ ಕೆಲವೊಮ್ಮೆ ನನಗೆ, ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ವಕೀಲರನ್ನು ಕಂಡಾಗ ಅವರು ಹೇಳಿದ್ದು ಇಷ್ಟು: ಯಾವ ಹೆಸರು ಇಟ್ಟುಕೊಂಡರೂ ಮೊದಲು ಮದುವೆಯ ನೋಂದಣಿ ಆಗಬೇಕು, ರೇಣುಕಾ ಮತ್ತು ಕಸ್ತೂರಿ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಬರೆಯಬೇಕು. ಮದುವೆಯಲ್ಲಿದ್ದ ಹಿರಿಯರು ಬಂದು ಸಾಕ್ಷಿ ಹಾಕಬೇಕು. ನನ್ನ ಕಡೆಯಿಂದ ಅಣ್ಣ ಆಯಿತು. ನಿಮ್ಮ ಕಡೆಯಿಂದ? ನಮ್ಮ ಮಾವನವರಿಲ್ಲ, ನೀವಿಲ್ಲ. ಉಳಿದವರು ಮನಗೂಳಿಯ ನಿಮ್ಮ ತಮ್ಮ ಒಬ್ಬರೇ. ಬಾಗೇವಾಡಿಯ ಬಸ್ಸು ಹಿಡಿದು, ಅಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಮನಗೂಳಿಗೆ ಹೋದೆ.

ಶಿವಪ್ಪ ಮಾವ ಅಂಗಳದಲ್ಲಿ ಉಳ್ಳಾಗಡ್ಡಿ ಆರಿಸುತ್ತ ಕುಳಿತಿದ್ದರು. ಮೊಣಕಾಲು ನೋವು ಹಾಗೇ ಇದೆ, ಆದರೂ ಗಟ್ಟಿಯಾಗಿದ್ದಾರೆ. ಚಹಾ ಕುಡಿಸಿದರು. ಸಾಕ್ಷಿಗೆ ಬರುತ್ತೇನೆ ಎಂದು ಕೂಡಲೇ ಒಪ್ಪಿಕೊಂಡರು.

"ಯಾವ್ ಹೆಸರಿಗೆ ಮಾಡಸ್ತೀ?" ಎಂದು ಕೇಳಿದರು.

"ರೇಣುಕಾ ಅಂತ ಮಾಡಿಸ್ಬೇಕಂತೇನಿ, ಮಾವ."

ಕೈಯಲ್ಲಿದ್ದ ಉಳ್ಳಾಗಡ್ಡಿ ಕೆಳಗಿಟ್ಟರು. "ಕಸ್ತೂರಿ ಬ್ಯಾಡಾತೇನು?"

"ಅದು ನಿಮ್ಮಕ್ಕ ಇಟ್ಟ ಹೆಸರರಿ. ಅವತ್ತ ನನ್ನ ಯಾರೂ ಕೇಳಲಿಲ್ಲ."

"ಅಕಿನ್ನ ಯಾರ್ ಕೇಳಿದ್ರವ್ವ?" ಎಂದರು.

ನನಗೆ ತಿಳಿಯಲಿಲ್ಲ. ಯಾರನ್ನು ಎಂದು ಕೇಳಿದೆ.

"ನಮ್ಮಕ್ಕ ಹುಟ್ಟಿದಾಗಿಂದ ಕಸ್ತೂರಿ," ಎಂದರು ಮಾವ. "ಲಗ್ನ ಆಗಿ ಸಿಂದಗಿಗೆ ಹ್ವಾದ್ಲು. ಅಲ್ಲಿ ಅತ್ತಿ ಹೆಸರೂ ಕಸ್ತೂರಿ. ಗಂಡ ತನ್ನ ಅವ್ವನ ಹೆಸರ ಹಿಡದು ಹೆಂಡ್ತಿನ ಕರಿಯಾಕ ಬರ್ತೈತೇನು? ಅದಕ್ಕ ಗಂಗಾಬಾಯಿ ಅಂತ ಮಾಡಿದ್ರು. ಮುಂದ ನಮ್ಮ ಅಪ್ಪ, ಅವ್ವ ಲಗೂನ ತೀರ್ಕೊಂಡ್ರು. ನಾ ಸಣ್ಣಾವ, ಅಕ್ಕಾ ಅಂತಿದ್ನಿ. ಆ ಹೆಸರ ಹಿಡದು ಕರಿಯವ್ರೇ ಉಳೀಲಿಲ್ಲ."

ಮತ್ತೆ ಹೇಳಿದರು: "ನಿನ್ನ ಲಗ್ನದಾಗ ಎಲ್ಲಾರೂ ಏನಂದ್ರು? ಗಂಗಾಬಾಯಿ ಅತ್ತಿ ಹೆಸರ ಇಟ್ಟಾಳ ಅಂದ್ರು. ನಾ ಅಲ್ಲೇ ಬಾಜೂಕ ನಿಂತಿದ್ನಿ. ಅಕಿ ನನ್ನ ಮಕಾ ನೋಡಿದ್ಲು. ಅತ್ತಿ ಹೆಸರಲ್ಲವ್ವ ಅದು. ಅಕ್ಕ ತನ್ನ ಹೆಸರ ಇಟ್ಟಿದ್ಲು."

ಯಾಕೆ ಹೇಳಲಿಲ್ಲ ಅತ್ತೀ? ಇಬ್ಬರೇ ಒಲೆಯ ಮುಂದೆ ಕುಳಿತು ರೊಟ್ಟಿ ಸುಡುತ್ತಿದ್ದ ಎಷ್ಟು ಬೆಳಗುಗಳು! ಊರಿನ ಸುದ್ದಿಯೆಲ್ಲ ಹೇಳಿದಿರಿ, ಇದೊಂದನ್ನು ಮಾತ್ರ… ಹೇಳಿದರೆ ನಗುತ್ತಾಳೆ ಅಂದುಕೊಂಡಿರಾ? ಅತ್ತೆಯ ಹೆಸರು ಉಳಿಸಿದ ಸೊಸೆ ಎಂಬ ಹೊಗಳಿಕೆಯ ಮರೆಯಲ್ಲಿ ನಿಮ್ಮ ಹೆಸರನ್ನು ಮನೆಯೊಳಗೆ ತಂದಿರಿ, ಯಾರಿಗೂ ಗೊತ್ತಾಗಲಿಲ್ಲ. ಹಾಗಾದರೆ ನೀರಿಗೂ ಉಪ್ಪಿಗೂ ನೀವು ಕೂಗುತ್ತಿದ್ದದ್ದು ಯಾರನ್ನು?

ಬರುವಾಗ ಬಸ್ಸಿನಲ್ಲಿ ಮನಸ್ಸು ಎರಡಾಗಿತ್ತು. ನನ್ನನ್ನು ಕೇಳದೆ ನನ್ನ ಹೆಸರು ತೆಗೆದದ್ದು ಸರಿಯೇ? ಅಲ್ಲ. ಅಂದು ನಿಮ್ಮ ಮುಂದೆ ಅನ್ನಲಿಲ್ಲ, ಇಂದು ಅನ್ನುತ್ತೇನೆ, ಅಲ್ಲ. ನಿಮ್ಮದನ್ನು ತೆಗೆದವರು ಮಾಡಿದ್ದೂ ಸರಿಯಲ್ಲ. ಆದರೆ ನಾನು ಈಗ ಕಸ್ತೂರಿಯನ್ನು ಅಳಿಸಿದರೆ ಆ ಹೆಸರು ಇನ್ನೆಲ್ಲಿ ಉಳಿಯುತ್ತದೆ? ಅಣ್ಣ ನನ್ನನ್ನು ಈಗಲೂ ರೇಣೂ ಅನ್ನುತ್ತಾನೆ. ನನ್ನ ಗೆಳತಿಯರೂ ಅನ್ನುತ್ತಾರೆ. ನಿಮಗೆ ಹಾಗೆ ಕರೆಯುವವರು ಒಬ್ಬರಾದರೂ ಇದ್ದರೇ?

ಮುಂದಿನ ವಾರ ಶಿವಪ್ಪ ಮಾವ ಕೋಲು ಊರಿಕೊಂಡು ಸಿಂದಗಿಗೆ ಬಂದರು. ಇಂಡಿಯಿಂದ ಅಣ್ಣ ಬಂದ, ಜೊತೆಗೆ ಪಕ್ಕದ ಮನೆಯ ಹಿರಿಯರು ನಿಂತರು. ನಿಮ್ಮ ಮಗ ಮತ್ತು ನಾನು ಇಷ್ಟು ದೊಡ್ಡ ಮಗನನ್ನಿಟ್ಟುಕೊಂಡು ಹೊಸದಾಗಿ ಮದುವೆಯ ಸಹಿ ಹಾಕಿದೆವು. ಅವರಿಗೆ ನಾಚಿಕೆಯೋ ನಾಚಿಕೆ, ಪೆನ್ನು ಎರಡು ಸಲ ಕೆಳಗೆ ಬಿತ್ತು. ಯಾವ ಹೆಸರು ಉಳಿಸಿಕೊಳ್ಳುತ್ತೀರಿ ಎಂದು ವಕೀಲರು ಕೇಳಿದಾಗ ಕಸ್ತೂರಿ ಎಂದೆ. ಮಾವ ಕಿಟಕಿಯ ಕಡೆ ತಿರುಗಿ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು.

ಇಂಡಿಯ ಬ್ಯಾಂಕಿನಲ್ಲಿ ಹೆಸರು ಬದಲಿಸುವ ಅರ್ಜಿಗೆ ಹಳೆಯ ಸಹಿಯೇ ಬೇಕಂತೆ. ರೇಣುಕಾ ಎಂದು ಬರೆಯಲು ಹೋದರೆ ಕೈ ತಾನಾಗಿ ಕ ಬರೆಯಿತು. ಆ ಹೆಣ್ಣುಮಗಳು ಇನ್ನೊಂದು ಹಾಳೆ ಕೊಟ್ಟಳು. ಈ ಸಲ ನಿಧಾನವಾಗಿ, ಕಾಲೇಜಿನ ಹುಡುಗಿಯ ಹಾಗೆ ಅಕ್ಷರ ಜೋಡಿಸಿ ಬರೆದೆ. ಸಂಕಟ ಆಯಿತು, ಇಲ್ಲವೆನ್ನುವುದಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಹೋದಾಗ ಖಾತೆ ಚಾಲೂ ಆಗಿತ್ತು. ದುಡ್ಡು ಕಳಿಸುವ ಚೀಟಿ ತುಂಬಿದೆ. ಕಳಿಸುವವರ ಹೆಸರು ಕಸ್ತೂರಿ. ಪಡೆಯುವವರ ಹೆಸರು ಕಸ್ತೂರಿ. ಅವಳು ಎರಡೂ ಕಡೆ ಬೆರಳಿಟ್ಟು, "ನಿಮ್ಮಿಂದ ನಿಮಗೇ ಏನ್ರಿ?" ಎಂದಳು. ನಾನು ಹೌದ್ರಿ ಎಂದೆ. ಇನ್ನೇನು ಹೇಳಲಿ? ಸಿಂದಗಿಯ ಖಾತೆಯ ಅಂಕಿಗಳನ್ನು ಅವಳು ಒಂದೊಂದಾಗಿ ಓದಿ ತಾಳೆ ನೋಡಿದಳು. ನಾನು ಬಸ್ಸು ಹತ್ತಿ ಇಂಡಿ ದಾಟುವುದರೊಳಗೆ ಫೋನು ಟಿಣ್ ಎಂದಿತು. ದುಡ್ಡು ನನಗಿಂತ ಮೊದಲು ಊರು ಸೇರಿತ್ತು.

ಶೆಡ್ಡು ನಮ್ಮದಾಯಿತು, ಅತ್ತೀ. ಗ್ಯಾರೇಜಿನವರು ಬೇರೆ ಜಾಗ ನೋಡಿಕೊಂಡರು. ಕಾಗದ ನನ್ನ ಹೆಸರಿಗೇ ಮಾಡಿಸಿದೆ. ಸುಣ್ಣ ಹಚ್ಚಲು ನಿಮ್ಮ ಮಗ ತಾವೇ ನಿಂತರು.

ಇನ್ನೊಂದು ಸುದ್ದಿ. ನಿಮ್ಮ ಮೊಮ್ಮಗನಿಗೆ ತಾಳಿಕೋಟೆಯ ಹುಡುಗಿಯನ್ನು ಗೊತ್ತು ಮಾಡಿದ್ದೇವೆ. ಹೆಸರು ಭಾಗ್ಯಶ್ರೀ, ಶಾಲೆಯಲ್ಲಿ ಕಲಿಸುತ್ತಾಳೆ. ಮಾತುಕತೆಯ ದಿನ ನಿಮ್ಮ ಮಗಳು ಸರೋಜಾ ಮುದ್ದೇಬಿಹಾಳದಿಂದ ಬಂದಿದ್ದಳು. ಬಂದವಳೇ, "ವೈನಿ, ಹುಡುಗಿಗೆ ಏನ್ ಹೆಸರ ಇಡೂದು?" ಎಂದು ತೆಗೆದಳು. ಅವಳ ಹೆಸರೇ ಇರಲಿ ಎಂದೆ. ಸರೋಜಾ ಒಪ್ಪಲಿಲ್ಲ. "ಮನಿ ಪದ್ಧತಿ ಬಿಡಾಕ ಬರೂದಿಲ್ಲ. ಅವ್ವ ಇದ್ದಿದ್ರ ಬಿಡ್ತಿದ್ಲೇನು?"

"ನಿಮ್ಮವ್ವನ ಹೆಸರೇನು, ಸರೋಜಾ?" ಎಂದು ಕೇಳಿದೆ.

"ಇದೇನ್ ಕೇಳ್ತೀ? ಗಂಗಾಬಾಯಿ."

"ಅದು ಈ ಮನ್ಯಾಗ ಇಟ್ಟಿದ್ದು. ತವರಮನ್ಯಾಗ?"

ಹೆತ್ತ ತಾಯಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಮನಗೂಳಿಯ ಅಂಗಳದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ವಾದವನ್ನೂ ಮಾಡಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಎದ್ದು, ಸಂಜೆಯ ಬಸ್ಸಿಗೆ ಹೊರಟುಬಿಟ್ಟಳು. ಸಿಟ್ಟಾದಳೇನೋ ಎಂದುಕೊಂಡೆ.

ಮೊನ್ನೆ ಫೋನು ಮಾಡಿದಳು. ಮದುವೆಯ ಕಾರ್ಡು ಮುದ್ದೇಬಿಹಾಳದಲ್ಲೇ ಅಚ್ಚು ಹಾಕಿಸುವುದೆಂದು ಮೊದಲೇ ಮಾತಾಗಿತ್ತು, ಆ ಕೆಲಸ ಅವಳದು. "ಹುಡುಗಿ ಹೆಸರ ಭಾಗ್ಯಶ್ರೀ ಅಂತಷ್ಟೇ ಹಾಕ್ಸೀನಿ, ಮತ್ತೊಂದ್ ಹೆಸರಿಲ್ಲ," ಎಂದಳು. ಹಿರಿಯರ ಆಶೀರ್ವಾದದ ಸಾಲಿನಲ್ಲಿ ನಿಮ್ಮದನ್ನು 'ದಿವಂಗತ ಕಸ್ತೂರಿ ಉರ್ಫ್ ಗಂಗಾಬಾಯಿ' ಎಂದು ಬರೆದುಕೊಟ್ಟಿದ್ದಾಳೆ. ಪ್ರೆಸ್ಸಿನವರು ತಡೆದರಂತೆ. ವರನ ತಾಯಿಯೂ ಕಸ್ತೂರಿ, ಅಜ್ಜಿಯೂ ಕಸ್ತೂರಿ, ಎಲ್ಲೋ ತಪ್ಪಾಗಿರಬೇಕು ನೋಡಿ ಎಂದರಂತೆ.

"ಮತ್ತ ನೀ ಏನಂದಿ?" ಎಂದು ಕೇಳಿದೆ.

"ಅಕಿ ನಮ್ಮವ್ವ. ತಪ್ಪಿಲ್ಲರಿ, ಹಂಗೇ ಹಾಕ್ರಿ ಅಂದ್ನಿ."

ನಿಮ್ಮ ಸೊಸೆ,
ಕಸ್ತೂರಿ