ಆರು ದಿನಕ್ಕೆ ಎರಡು ದೇಶ

ಆಗಸ್ಟ್ ೧೨, ಬೆಳಿಗ್ಗೆ

ಪ್ರೀತಿಯ ಗಡಿಬಿಡಿಗೆ,

ಅತ್ತೆಯ ಆಶೀರ್ವಾದ. ಇಲ್ಲಿ ನಾನು ಚೆನ್ನಾಗಿದ್ದೇನೆ, ಎಡ ಮೊಣಕಾಲೊಂದು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಂಡು, ನಿದ್ದೆ ಮಾಡಿ ನೆಟ್ಟಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಕೆಲಸ, ಕೆಲಸ ಎಂದು ಜಾರಿಕೊಂಡೆ. ಕೆಲಸವೇನೂ ಇರಲಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಇದು ಐದನೆಯದು. ಮನೆಯಲ್ಲಿ ಕೂತರೆ ಇದಕ್ಕೂ ಅದೇ ಗತಿಯಾದೀತೆಂದು ಲಾಂಡ್ರಿಯ ಕೌಂಟರಿನಲ್ಲೇ ಬರೆಯುತ್ತಿದ್ದೇನೆ. ಅಂಚೆ ಡಬ್ಬಿ ರಸ್ತೆಯಾಚೆಗೇ ಇದೆ.

ಮೊದಲು ಒಳ್ಳೆಯ ಸುದ್ದಿ. ಡಿಸೆಂಬರಿನಲ್ಲಿ ಆರು ದಿನ ನಾವಿಬ್ಬರೂ ಪ್ರವಾಸ ಹೋಗೋಣ. ನೀನು ಹೂಂ ಅನ್ನುವುದೊಂದು ಬಾಕಿ. ನೀನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ ಪಟ್ಟಿ ಇನ್ನೂ ಅಲ್ಲೇ ಇದೆ. ದೊಡ್ಡ ಹೊಳೆ, ಹೊಳೆಯ ಈಚೆಗೊಂದು ದೇಶ, ಆಚೆಗೊಂದು ದೇಶ, ಹೊಳೆ ಕಾಣುವ ಕೋಣೆ, ಉದ್ದನೆಯ ದೋಣಿ, ಕಾಡಿನೊಳಗಿನ ಜಲಪಾತ. ಮೂರು ವರ್ಷ ಮೂರು ಸಲ ನೀನು ಪೆಟ್ಟಿಗೆ ಕಟ್ಟಿದೆ. ಮೂರು ಸಲವೂ ನನ್ನ ಮಗನಿಗೆ ಆಫೀಸಿನಲ್ಲಿ ಏನೋ ಬಂತು. ನೀನು ಮುಖ ಸಣ್ಣ ಮಾಡದೆ ಬಟ್ಟೆಗಳನ್ನು ತೆಗೆದು ಒಂದೊಂದಾಗಿ ಬೀರುವಿಗೆ ಸೇರಿಸುತ್ತಿದ್ದೆ. ನೋಡುತ್ತ ನಿಂತಿದ್ದ ನಾನು ಬಾಯಿ ತೆರೆದು ಅವನನ್ನು ಒಂದು ಮಾತು ಅನ್ನಲಿಲ್ಲ.

ಹೋದ ತಿಂಗಳು ಫೋನಿನಲ್ಲಿ ನೀನು, "ಎಲ್ಲಿಗಾದ್ರೂ ಹೋಗ್ಬೇಕು ಅತ್ತೆ, ದಿನಾ ಬೇರೆಯವರ ಹಲ್ಲು ನೋಡಿ ನೋಡಿ ಸಾಕಾಗಿದೆ" ಎಂದೆಯಲ್ಲ, ಮಾರನೆಯ ದಿನವೇ ಆ ಪಟ್ಟಿಯನ್ನು ಹಾಳೆಯೊಂದಕ್ಕೆ ಇಳಿಸಿಕೊಂಡು ಬಸ್ ನಿಲ್ದಾಣದ ಹತ್ತಿರದ ಪ್ರವಾಸದ ಆಫೀಸಿಗೆ ಹೋದೆ. ಗೋಡೆಯ ತುಂಬ ನೀಲಿ ಸಮುದ್ರ, ಮೇಜಿನ ಮೇಲೆ ನೀರಿಲ್ಲದೆ ಬಾಡಿದ ಗಿಡ. ಅಲ್ಲಿಯ ಹುಡುಗಿ ಚುರುಕು. ಮಾತಾಡುತ್ತಲೇ ಟೈಪು ಮಾಡುತ್ತಾಳೆ, ಟೈಪು ಮಾಡುತ್ತಲೇ ಕೂದಲು ಕಟ್ಟಿಕೊಳ್ಳುತ್ತಾಳೆ, ಥೇಟ್ ನಿನ್ನ ಹಾಗೆ. ನಮೂನೆ ತುಂಬುವಾಗ ಕೇಳಿದಳು:

"ಇವ್ರು ನಿಮಗೇನಾಗ್ಬೇಕು ಆಂಟಿ?"

"ಸೊಸೆ."

"ಮತ್ತೆ ನಿಮ್ಮ ಮಗ ಬರಲ್ವಾ?"

"ಅವನು ಈಗ ಇವಳಿಗೆ ಏನೂ ಆಗ್ಬೇಕಿಲ್ಲ."

ಅವಳ ಬೆರಳು ಅಲ್ಲೇ ನಿಂತಿತು. ಪರದೆ ನೋಡಿ, "ಸಂಬಂಧ ಅನ್ನೋ ಜಾಗ ಖಾಲಿ ಬಿಟ್ರೆ ಇದು ಮುಂದಕ್ಕೆ ಹೋಗಲ್ಲ. ಸ್ನೇಹಿತೆ ಅಂತ ಹಾಕ್ಲಾ?" ಎಂದಳು. ನನ್ನ ವಯಸ್ಸು ಅರವತ್ತಮೂರು, ನಿನ್ನದು ಮೂವತ್ತನಾಲ್ಕು. ನೋಡಿದವರು ನಗುವುದಿಲ್ಲವೇ? "ಸೊಸೆ ಅಂತಲೇ ಹಾಕಮ್ಮ, ಯಾರಾದ್ರೂ ಕೇಳಿದ್ರೆ ನಾನು ಹೇಳ್ಕೋತೀನಿ" ಎಂದೆ. ಹಾಕಿದಳು. ಕೋರ್ಟಿನ ಕಾಗದ ಏನೇ ಹೇಳಲಿ, ಆ ನಮೂನೆಯಲ್ಲಿ ನೀನು ನನ್ನ ಸೊಸೆ.

ಮೊದಲ ಮೂರು ದಿನ ಹೊಳೆಯ ಈಚೆಯ ದೇಶ. ಹೊಳೆಗೆ ಮುಖ ಮಾಡಿದ ಕೋಣೆಯನ್ನೇ ಹೇಳಿದ್ದೇನೆ. ಬೆಳಿಗ್ಗೆ ದೋಣಿ, ಮಧ್ಯಾಹ್ನ ಮಲಗುವುದು; ಡಿಸೆಂಬರಿನಲ್ಲೂ ಬಿಡದ ಆ ಸೆಕೆಗೆ ಬೇರೇನೂ ಮಾಡಲಾಗುವುದಿಲ್ಲವಂತೆ. ನಾಲ್ಕನೆಯ ದಿನ ಬಸ್ಸಿನಲ್ಲಿ ಸೇತುವೆ ದಾಟಬೇಕು. ಈಚೆ ದಡದಲ್ಲಿ ವಾಹನಗಳು ಎಡಕ್ಕೆ ಓಡುತ್ತವೆ, ಆಚೆ ದಡದಲ್ಲಿ ಬಲಕ್ಕೆ, ಸೇತುವೆಯ ಹತ್ತಿರ ಬಸ್ಸು ಮಗ್ಗುಲು ಬದಲಾಯಿಸಿಕೊಳ್ಳುತ್ತದಂತೆ. ನನಗೆ ಇದು ಬಹಳ ಹಿಡಿಸಿತು. ಇಸ್ತ್ರಿ ಮೇಜಿನ ನಮ್ಮ ಮಡಿಕೆ ಮೇಷ್ಟ್ರಿಗೆ ಹೇಳಿದರೆ ಅವನು ನಂಬಲೇ ಇಲ್ಲ. "ಅಕ್ಕಾ, ಯಾರೋ ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ" ಎಂದು ಷರ್ಟಿನ ಕಾಲರು ಒತ್ತತೊಡಗಿದ. ಆಮೇಲೆ ತಾನೇ, "ನೀವು ಹೋದ್ರೆ ಆರು ದಿನ ಕಲೆ ಯಾರು ನೋಡ್ತಾರೆ?" ಎಂದ. ಕಲೆಯನ್ನು ಒಮ್ಮೆ ಮೂಸಿ, ಬೆಳಕಿಗೆ ಹಿಡಿದು ಯಾವುದರದ್ದು ಎಂದು ಹೇಳುವುದು ಮೂವತ್ತು ವರ್ಷದಿಂದ ನನ್ನ ಕೆಲಸವಷ್ಟೇ. ಆರು ದಿನ ಜನ ಚೊಕ್ಕಟವಾಗಿ ಊಟ ಮಾಡಲಿ ಎಂದೆ.

ಆಚೆಯ ದೇಶದಲ್ಲಿ ಜಲಪಾತಕ್ಕೆ ನಾಲ್ಕುನೂರು ಮೆಟ್ಟಿಲು. ನೀನು ಇಳಿ, ನಾನು ಮೇಲೆ ಕೂತು ನಿನ್ನ ಚಪ್ಪಲಿ ಕಾಯುತ್ತೇನೆ. ಹತ್ತಿಯ ಬಟ್ಟೆ ಮಾತ್ರ ತಾ, ಆ ಬೆವರಿಗೆ ರೇಷ್ಮೆ ಹಾಳಾಗುತ್ತದೆ. ಬಿಳಿಯದು ಬೇಡ. ಕೊಡೆ ಇಬ್ಬರಿಗೂ ಒಂದು ಸಾಕು, ನಾನು ತರುತ್ತೇನೆ. ಹಲ್ಲಿನ ಡಾಕ್ಟರು ರಜೆ ಕೊಡಲು ಗೊಣಗಿದರೆ, ನಿಮ್ಮ ಕೋಟಿನ ಶಾಯಿ ಕಲೆ ತೆಗೆದುಕೊಟ್ಟವಳು ನಮ್ಮತ್ತೆಯೇ ಎಂದು ನೆನಪಿಸು.

ಅವನ ಸುದ್ದಿ ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಬರುತ್ತಾನೆ, ಚಹಾ ಕುಡಿಯುತ್ತಾನೆ, ನಲ್ಲಿ ಸರಿಯಿದೆಯಾ ಎಂದು ಕೇಳಿ ಹೋಗುತ್ತಾನೆ. ಹೆತ್ತ ಮಗ, ಬಾಗಿಲು ಹಾಕಲಾಗುವುದಿಲ್ಲ. ಆದರೆ ಭಾನುವಾರ ನಿನ್ನ ಫೋನು ಹತ್ತು ನಿಮಿಷ ತಡವಾದರೆ ನಾನು ಒಳಗೂ ಹೊರಗೂ ಓಡಾಡುತ್ತೇನೆ. ಇಷ್ಟು ವರ್ಷ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಮೈ ಕಡೆ ಗಮನವಿರಲಿ. ನೀನು ನೂರು ಕಾಲ ನಗುನಗುತ್ತ ಬಾಳು, ನೀನು ಕೈ ಹಾಕಿದ ಕೆಲಸವೆಲ್ಲ ಹಗುರವಾಗಲಿ.

ನಿನ್ನ,
ಅತ್ತೆ

ಮರೆತು ಬಿಟ್ಟದ್ದಲ್ಲ, ಹೇಳಲಾರದೆ ಉಳಿಸಿಕೊಂಡದ್ದು:

ಲಾಂಡ್ರಿಯಲ್ಲಿ ನಮಗೊಂದು ಕಟ್ಟುನಿಟ್ಟಿನ ನಿಯಮ ಇದೆ. ಜೇಬಿನಲ್ಲಿ ಏನೇ ಸಿಗಲಿ, ಕವರಿನೊಳಗೆ ಹಾಕಿ ಬಟ್ಟೆಗೆ ಪಿನ್ನು ಮಾಡಿ ಕೊಡಬೇಕು. ಯಾರಿಗೂ ಹೇಳಬಾರದು. ನೀನಿನ್ನೂ ಈ ಮನೆಯಲ್ಲಿದ್ದಾಗ, ನನ್ನ ಕಣ್ಣಿನ ಪೊರೆ ತೆಗೆಸಿದ ಮೂರು ವಾರಕ್ಕೆ ನಾನು ಕೆಲಸಕ್ಕೆ ಮರಳಿದೆ. ಮೊದಲ ದಿನವೇ ನನ್ನ ಮಗನ ಕೋಟು ಒಗೆಯಲು ಬಂದಿತ್ತು. ಒಳಜೇಬಿನಲ್ಲಿ ಹೋಟೆಲಿನ ರಸೀದಿ. ಅದರಲ್ಲಿ ಇಬ್ಬರ ಹೆಸರು, ಎರಡನೆಯದು ನಿನ್ನದಲ್ಲ. ಹೊಸ ಕಣ್ಣಿನಿಂದ ನಾನು ಕನ್ನಡಕವಿಲ್ಲದೆ ಓದಿದ ಮೊದಲ ಕಾಗದ ಅದು. ತಾರೀಖು ನೋಡಿದೆ. ಆ ಎರಡು ದಿನ ನೀನು ನನ್ನ ಮಂಚದ ಪಕ್ಕ ಕೂತು, ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕುತ್ತಿದ್ದೆ.

ಕವರಿಗೆ ಹಾಕಿದೆ, ಪಿನ್ನು ಮಾಡಿದೆ, ಕೊಟ್ಟೆ. ಗಿರಾಕಿಗೆ ಮಾಡುವುದನ್ನೇ ನನ್ನ ಮನೆಗೂ ಮಾಡಿದೆ. ಅವನು ಕವರು ನೋಡಿದ, ನನ್ನನ್ನು ನೋಡಿದ, ಕೋಟು ತೆಗೆದುಕೊಂಡು ಹೋದ. ಹನ್ನೊಂದು ತಿಂಗಳು ಇಬ್ಬರೂ ಅದರ ಮಾತೆತ್ತಲಿಲ್ಲ. ಮಗನ ಮಾನ ಉಳಿಸಲು ಎಂದು ತಿಳಿಯಬೇಡ. ಗೊತ್ತಾದರೆ ನೀನು ಹೊರಟುಹೋಗುತ್ತೀಯ, ನಾನು ಒಬ್ಬಳಾಗುತ್ತೇನೆ ಎಂಬ ಸ್ವಾರ್ಥಕ್ಕೆ ಸುಮ್ಮನಿದ್ದೆ. ನಿನ್ನ ಬಾಳಿನ ಹನ್ನೊಂದು ತಿಂಗಳನ್ನು ನಾನೇ ತಿಂದೆ.

ಎಲ್ಲ ಬಯಲಾದ ದಿನ ಅಡುಗೆಮನೆಯಲ್ಲಿ ನೀನು ನನ್ನ ಎರಡೂ ಕೈ ಹಿಡಿದು, "ನಿಮಗೂ ಗೊತ್ತಿರ್ಲಿಲ್ಲ ಅಲ್ವಾ ಅತ್ತೆ?" ಎಂದು ಕೇಳಿದೆ. ನಾನು ಇಲ್ಲವೆಂದು ತಲೆಯಾಡಿಸಿದೆ. ನೀನು ನಂಬಿ, ನನ್ನನ್ನೇ ಸಮಾಧಾನ ಮಾಡಿದೆ.

ಈ ಸುಳ್ಳನ್ನು ಇಟ್ಟುಕೊಂಡು ಆರು ದಿನ ನಿನ್ನ ಜೊತೆ ಒಂದೇ ಕೋಣೆಯಲ್ಲಿರಲು ನನ್ನಿಂದಾಗದು. ಸೀಟುಗಳನ್ನು ಈ ತಿಂಗಳ ಇಪ್ಪತ್ತೈದರವರೆಗೆ ಹಿಡಿದಿಡುತ್ತಾರಂತೆ. ಬರುವುದಿಲ್ಲವಾದರೆ ಕಾರಣ ಬರೆಯಬೇಡ. ಬಂದರೆ, ಕ್ಷಮಿಸಿಬಿಟ್ಟಳು ಎಂದು ನಾನು ಎಣಿಸುವುದಿಲ್ಲ. ಆಚೆಯ ದೇಶದಲ್ಲೋ ಈಚೆಯ ದೇಶದಲ್ಲೋ, ನಿನಗೆ ಎಲ್ಲಿ ಬೈಯಬೇಕೆನಿಸುತ್ತದೋ ಅಲ್ಲಿ ಬೈ. ಪಕ್ಕದಲ್ಲೇ ಕೂತು ಕೇಳುತ್ತೇನೆ.